ಕುರುಡುಮಲೆಯಲ್ಲಿ ಕೂತು ನೋಡಿದ ಏಳು ಸಿನಿಮಾ

ಮೊದಲೇ ಹೇಳಿಬಿಡ್ತೀವಿ, ನಾವು ವಿಮರ್ಶಕರಲ್ಲ. ಕ್ಯಾಮೆರಾ ಆ್ಯಂಗಲ್, ಕಲರ್ ಗ್ರೇಡಿಂಗ್ ಅಂತೆಲ್ಲಾ ಮಾತಾಡೋಕೆ ನಮಗೆ ಬರಲ್ಲ. ಎಕ್ಸಾಮ್ ಮುಗಿದು ಮುಂದಿನ ಸೆಮ್ ಶುರುವಾಗೋ ಮಧ್ಯೆ ಸಿಕ್ಕಿದ ಮೂರು ವಾರದಲ್ಲಿ ಊರಲ್ಲಿ ಕೂತು ಏಳು ಸಿನಿಮಾ ನೋಡಿದ್ವಿ. ಕೆಲವು ಹೊಸವು, ಕೆಲವು ಎರಡನೇ ಸಲ, ಒಂದಂತೂ ನಾವು ಹುಟ್ಟೋಕೂ ಮುಂಚಿನದು. ಕ್ಲಬ್‌ನವರು "ಏನಾದ್ರೂ ಬರೀರಪ್ಪಾ" ಅಂತ ಗ್ರೂಪಲ್ಲಿ ಮೂರು ಸಲ ಮೆಸೇಜ್ ಹಾಕಿದ್ರು. ಅದಕ್ಕೇ ಇದು.

ನಾವು ಅಂದ್ರೆ ನಾಲ್ಕು ಜನ. ಸಿಎಸ್ ಇಬ್ಬರು, ಇ ಆ್ಯಂಡ್ ಸಿ ಒಬ್ಬಳು, ಸಿವಿಲ್ ಒಬ್ಬ. ಊರು ಕುರುಡುಮಲೆ, ಮುಳಬಾಗಿಲು ತಾಲ್ಲೂಕು. "ಎಲ್ಲಿ ಬರುತ್ತೆ ಅದು?" ಅಂತ ಕೇಳೋರಿಗೆ: ಚುನಾವಣೆ ಬಂದ್ರೆ ದೊಡ್ಡ ದೊಡ್ಡ ಲೀಡರ್‌ಗಳು ಬಸ್ ಕಟ್ಟಿಕೊಂಡು ಬಂದು ಪೂಜೆ ಮಾಡಿಸಿ ಪ್ರಚಾರ ಶುರು ಮಾಡ್ತಾರಲ್ಲ, ಆ ದೊಡ್ಡ ಗಣಪನ ಊರು. ಒಂದೇ ಕಲ್ಲಲ್ಲಿ ಕಡೆದ ಗಣಪ, 13 ಅಡಿಗೂ ಎತ್ತರ. ಇಲ್ಲಿ ಕೈ ಮುಗಿದು ಶುರು ಮಾಡಿದ ಕೆಲಸ ನಿಲ್ಲಲ್ಲ ಅಂತ ನಂಬಿಕೆ. ನಮ್ಮ ಬ್ಯಾಕ್‌ಲಾಗ್‌ಗಳ ವಿಷಯ ಇಲ್ಲಿ ಬೇಡ.

ನಾವೆಲ್ಲಾ ಓದಿದ್ದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತು ತೆಲುಗು, ಬೀದಿಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು, ಕ್ಲಾಸಲ್ಲಿ ಇಂಗ್ಲಿಷ್. ಈ ಕಡೆ ಆಂಧ್ರ, ಆ ಕಡೆ ತಮಿಳುನಾಡು. ಹಾಗಾಗಿ ಸಿನಿಮಾ ನೋಡೋ ವಿಷಯದಲ್ಲಿ ನಮಗೆ ಸಬ್‌ಟೈಟಲ್ ಖರ್ಚು ಕಮ್ಮಿ. ಸಿನಿಮಾ ನೋಡಿದ್ದು ಸಿಎಸ್ ಇಬ್ಬರ ಮನೆಯ ಟಿವಿಯಲ್ಲಿ. ಅವರಿಬ್ಬರೂ ಅಣ್ಣ ತಂಗಿ (ಒಂದೇ ಸೆಮ್ ಹೇಗೆ ಅಂತ ಕೇಳಬೇಡಿ, ಅಣ್ಣನಿಗೆ ಕೋಪ ಬರುತ್ತೆ). ಅವರ ಅವ್ವ, ಅಂದ್ರೆ ಅಜ್ಜಿ, ಎಲ್ಲಾ ಸಿನಿಮಾಗೂ ಹಾಜರ್. ರೇಟಿಂಗ್ ಸ್ಟಾರಲ್ಲಿ ಕೊಡಲ್ಲ. ಮುಳಬಾಗಿಲಿನವರಾಗಿ ದೋಸೆಯಲ್ಲಿ ಕೊಡ್ತೀವಿ, ಐದಕ್ಕೆ. ಸ್ಪಾಯ್ಲರ್ ಇದೆ, ಆಮೇಲೆ ಬೈಬೇಡಿ.

ಸು ಫ್ರಮ್ ಸೋ

2025ರ ಜುಲೈನಲ್ಲಿ ಬಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಇದನ್ನ ನೋಡದೇ ಇದ್ದವರನ್ನ ಮನುಷ್ಯರ ಲೆಕ್ಕಕ್ಕೆ ಇಟ್ಟಿರಲಿಲ್ಲ. ದೊಡ್ಡ ಸ್ಟಾರ್ ಇಲ್ಲ, ಬರೀ ಬಾಯಿಂದ ಬಾಯಿಗೆ ಹೋಗಿ ಹಿಟ್ ಆಯ್ತು. ಜೆ.ಪಿ. ತುಮಿನಾಡ್ ಬರೆದು, ಡೈರೆಕ್ಟ್ ಮಾಡಿ, ತಾನೇ ಆ್ಯಕ್ಟ್ ಮಾಡಿದ್ದಾರೆ. ಕರಾವಳಿಯ ಒಂದು ಊರು, ಒಬ್ಬ ಹುಡುಗ, ಅವನ ಮೈಮೇಲೆ ಬಂದಿದೆ ಅಂತ ಊರೆಲ್ಲಾ ನಂಬೋ ಒಂದು ದೆವ್ವ. ಸೋಮೇಶ್ವರದ ಸುಲೋಚನಾ, ಅದೇ 'ಸು ಫ್ರಮ್ ಸೋ'.

ನಮ್ಮೂರಲ್ಲೂ ಸೋಮೇಶ್ವರ ಇದ್ದಾನೆ. ಗಣಪನ ಗುಡಿಯ ಹತ್ತಿರವೇ ಚೋಳರ ಕಾಲದ ಸೋಮೇಶ್ವರನ ಗುಡಿ. ಅದಕ್ಕೇ ಟೈಟಲ್ ಕೇಳಿದ ತಕ್ಷಣ ಅವ್ವ ಎದ್ದು ಕೂತ್ಲು, "ನಮ್ ಸೋಮೇಶ್ವರ್‌ದಾಗ ಯಾವ್ ಸುಲೋಚನಾ ಇದ್ಲು ನಾಯ್ನಾ?" ಅಂತ. ಅದು ಮಂಗಳೂರ ಕಡೆಯ ಸೋಮೇಶ್ವರ ಅಂತ ತಿಳಿಸೋ ಅಷ್ಟರಲ್ಲಿ ಮೊದಲ ಕಾಲು ಗಂಟೆ ಹೋಯ್ತು.

ನಕ್ಕೂ ನಕ್ಕೂ ಹೊಟ್ಟೆ ನೋವು ಬಂದಿದ್ದು ನಿಜ. ಆದ್ರೆ ಎರಡನೇ ಸಲ ನೋಡಿದಾಗ ನಮ್ಮ ಇ ಆ್ಯಂಡ್ ಸಿ ಹುಡುಗಿ ಒಂದು ಮಾತು ಹೇಳಿದ್ಲು. ಸತ್ತ ಹೆಂಗಸಿನ ದೆವ್ವಕ್ಕೆ ಊರಿಗೆ ಊರೇ ನಡುಗುತ್ತೆ. ಬದುಕಿರೋ ಮಗಳು ಕಷ್ಟದಲ್ಲಿದ್ದಾಗ ಮಾತ್ರ ಯಾರಿಗೂ ಕೇಳಿಸಲ್ಲ. ಸಿನಿಮಾ ಇದನ್ನ ಭಾಷಣ ಮಾಡದೇ ಹೇಳುತ್ತೆ, ಅದೇ ಅದರ ಹೆಚ್ಚುಗಾರಿಕೆ. ನಾಲ್ಕೂವರೆ ದೋಸೆ.

ಕಾಂತಾರ: ಚಾಪ್ಟರ್ 1

ಇದನ್ನ ಮೊದಲ ಸಲ ನೋಡಿದ್ದು ಬೆಂಗಳೂರಲ್ಲಿ, ಥಿಯೇಟರಲ್ಲಿ, ಅಕ್ಟೋಬರ್ 2ರ ವಾರ. ಆಗಷ್ಟೇ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿ ಸರ್ಕಾರ ಆದೇಶ ಮಾಡಿತ್ತು. ಟ್ಯಾಕ್ಸ್ ಬಿಟ್ಟು 200. ನಾವು ಖುಷಿಯಾಗಿ ನಾಲ್ಕು ಜನಕ್ಕೆ ಲೆಕ್ಕ ಹಾಕೋದ್ರೊಳಗೆ ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಡೆಯಾಜ್ಞೆ ಕೊಡ್ತು. ಕೊನೆಗೆ ನಾವು ಕೊಟ್ಟ ದುಡ್ಡಲ್ಲಿ ಮೆಸ್ಸಲ್ಲಿ ಎಷ್ಟು ದಿನ ಊಟ ಮಾಡಬಹುದಿತ್ತು ಅನ್ನೋದನ್ನ ಇಲ್ಲಿ ಬರೆದ್ರೆ ಮನೆಯವರು ಓದ್ತಾರೆ.

ಸಿನಿಮಾ? ದೊಡ್ಡದು. ಕದಂಬರ ಕಾಲ, ಕಾಡು, ರಾಜ, ಯುದ್ಧ. ಸೌಂಡ್‌ಗೆ ಸೀಟು ಅದುರುತ್ತೆ. ರುಕ್ಮಿಣಿ ವಸಂತ್ ಪಾತ್ರ ಹೀಗೆ ತಿರುಗುತ್ತೆ ಅಂತ ನಾವ್ಯಾರೂ ಅಂದ್ಕೊಂಡಿರಲಿಲ್ಲ. ಆದ್ರೆ ನಾಲ್ಕೂ ಜನ ಬಸ್ಸಲ್ಲಿ ವಾಪಸ್ ಬರ್ತಾ ಮಾತಾಡಿದ್ದು 2022ರ ಕಾಂತಾರದ ಬಗ್ಗೆ. ಅದರಲ್ಲಿ ಜಗಳ ಇದ್ದದ್ದು ಜಮೀನಿಗೆ, ಪಹಣಿಗೆ, ಫಾರೆಸ್ಟ್ ಆಫೀಸರ್ ಜೊತೆ. ಅಂಥ ಜಗಳ ನಮ್ಮ ಕಡೆಯೂ ಇದೆ. ಸರ್ವೆ ಕಲ್ಲು ಎರಡಡಿ ಸರಿದಿದ್ದಕ್ಕೆ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ರಾಜರ ಕತೆ ದೂರದಿಂದ ನೋಡೋಕೆ ಚೆನ್ನ, ಪಹಣಿ ಕತೆ ನಮ್ಮ ಮನೆಯದು.

ಟಿವಿಯಲ್ಲಿ ಎರಡನೇ ಸಲ ಹಾಕಿದಾಗ ಅವ್ವ ದೈವ ಬಂದ ಸೀನಲ್ಲಿ ಕೈ ಮುಗಿದಳು, ಫೈಟ್ ಸೀನಲ್ಲಿ ನಿದ್ದೆ ಮಾಡಿದಳು. ಮೂರೂವರೆ ದೋಸೆ.

ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ

2023ರ ಸಿನಿಮಾ, ನಿತಿನ್ ಕೃಷ್ಣಮೂರ್ತಿ ಡೈರೆಕ್ಷನ್. ಇದಕ್ಕೆ ಹೆಚ್ಚು ಬರೆಯಲ್ಲ, ನೀವೆಲ್ಲಾ ನೋಡಿದ್ದೀರಿ. ಹಾಸ್ಟೆಲ್ ವಾರ್ಡನ್ ಹೆಣವಾಗಿ ಸಿಗ್ತಾರೆ, ಹುಡುಗರು ಒಂದಿಡೀ ರಾತ್ರಿ ಓಡಾಡ್ತಾರೆ. ಹೊಸ ಹುಡುಗರು ಸೇರಿ ಮಾಡಿದ ಸಿನಿಮಾ ಅನ್ನೋದು ಫ್ರೇಮ್ ಫ್ರೇಮಲ್ಲೂ ಗೊತ್ತಾಗುತ್ತೆ. ಒಳ್ಳೇ ಅರ್ಥದಲ್ಲಿ. ಅವ್ವ ಅರ್ಧ ಗಂಟೆ ನೋಡಿ, "ನೀವೂ ಆಸ್ಟ್ಲಲ್ಲಿ ಇಂಗೇ ಇರೋದಾ?" ಅಂದ್ಲು. ಇಲ್ಲ ಅವ್ವ ಅಂದ್ವಿ. ನಂಬಲಿಲ್ಲ. ನಾಲ್ಕು ದೋಸೆ.

ಸಪ್ತ ಸಾಗರದಾಚೆ ಎಲ್ಲೋ

ಸೈಡ್ ಎ, ಸೈಡ್ ಬಿ ಎರಡನ್ನೂ ಒಂದೇ ಸಿನಿಮಾ ಅಂತ ಲೆಕ್ಕ ಹಿಡಿದಿದ್ದೀವಿ. ಅಂದಹಾಗೆ ಸೈಡ್ ಎ, ಸೈಡ್ ಬಿ ಅನ್ನೋದು ನಮ್ಮೂರಿಗೆ ಹೊಸದೇನಲ್ಲ. ಸೋಮೇಶ್ವರನ ಗುಡಿಯ ಅರ್ಧ ಭಾಗ ಜಕಣಾಚಾರಿ ಕಟ್ಟಿದ್ದು, ಇನ್ನರ್ಧ ಮಗ ಡಂಕಣ ಕಟ್ಟಿದ್ದು ಅಂತ ಊರವರು ಹೇಳ್ತಾರೆ. ಕೆತ್ತನೆ ಬೇರೆ ಬೇರೆ ಥರ ಇದೆ ಅಂತ ತೋರಿಸ್ತಾರೆ ಕೂಡ. ಮಗನ ಭಾಗವೇ ಚೆನ್ನಾಗಿದೆ ಅನ್ನೋದು ನಮ್ಮ ಪಕ್ಷ. ಹೇಮಂತ್ ರಾವ್ ಸಿನಿಮಾದಲ್ಲಿ ಮಾತ್ರ ಸೈಡ್ ಎ ಮುಂದೆ ಸೈಡ್ ಬಿ ನಿಲ್ಲಲ್ಲ.

ಮನು ಒಬ್ಬ ಡ್ರೈವರ್. ಸಾಹುಕಾರನ ಮಗ ಮಾಡಿದ ಆ್ಯಕ್ಸಿಡೆಂಟನ್ನ ದುಡ್ಡಿಗಾಗಿ ತನ್ನ ತಲೆ ಮೇಲೆ ಹಾಕ್ಕೊಳ್ತಾನೆ. ಪ್ರಿಯಾ ಜೊತೆ ಒಂದು ಮನೆ ಮಾಡೋ ಆಸೆ, ಅಷ್ಟೇ. ಕಾಲೇಜಲ್ಲಿ ಎಲ್ಲರೂ ಇದನ್ನ ಲವ್ ಸ್ಟೋರಿ ಅಂತ ಸ್ಟೇಟಸ್ ಹಾಕಿದ್ರು. ನಮ್ಮ ಕಣ್ಣಿಗೆ ಕಂಡಿದ್ದು ಡ್ರೈವರ್ ಕತೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿ ಯಾರದೋ ಕಾರು ಓಡಿಸೋ ಅಣ್ಣಂದಿರು ಎಷ್ಟು ಜನ ಇದ್ದಾರೆ ಅಂದ್ರೆ, ಹಬ್ಬಕ್ಕೆ ಅವರೆಲ್ಲಾ ಬಂದಾಗಲೇ ಊರು ತುಂಬೋದು. ಅವರಲ್ಲಿ ಒಬ್ಬರು ನಮ್ಮ ಜೊತೆ ಸೈಡ್ ಎ ನೋಡ್ತಿದ್ರು. ಜೈಲಿನ ಭಾಗ ಶುರುವಾದಾಗ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ್ರು. ಬಂದು ಹೇಳಿದ್ದು ಇಷ್ಟೇ, "ಸಾವ್ಕಾರ್ರು ಕೇಳ್ದಾಗ ಇಲ್ಲ ಅನ್ನೋದು ಕಷ್ಟ ಕಣ್ರೋ." ನಾವು ಏನೂ ಕೇಳಲಿಲ್ಲ. ಸೈಡ್ ಎಗೆ ಐದು ದೋಸೆ, ಸೈಡ್ ಬಿಗೆ ಮೂರು.

ಕೆಜಿಎಫ್, ಮತ್ತೆ ತಂಗಲಾನ್

ಈಗ ನಿಜವಾದ ವಿಷಯಕ್ಕೆ ಬರೋಣ.

ಕಾಲೇಜಿಗೆ ಸೇರಿದ ಮೊದಲ ದಿನ "ಕೋಲಾರ" ಅಂದ ತಕ್ಷಣ ನಮಗೆ ಸಿಕ್ಕ ಹೆಸರು ರಾಕಿ ಭಾಯ್. ನಾಲ್ಕೂ ಜನಕ್ಕೂ ಅದೇ ಹೆಸರು, ಹುಡುಗಿಯರಿಗೂ. "ನಿಮ್ಮ ಮನೇಲಿ ಎಷ್ಟು ಕೆಜಿ ಚಿನ್ನ ಇದೆ?" ಅನ್ನೋ ಜೋಕ್ ಮೊದಲ ಸೆಮ್ ಪೂರ್ತಿ ಓಡಿತು. ನಮಗೇನೂ ಬೇಜಾರಿಲ್ಲ. 2018ರ ಡಿಸೆಂಬರ್‌ನಲ್ಲಿ ಚಾಪ್ಟರ್ 1 ಬಂದಾಗ ನಾವು ಹೈಸ್ಕೂಲಿಗೂ ಹೋಗಿರಲಿಲ್ಲ. ನಮ್ಮ ಜಿಲ್ಲೆಯ ಹೆಸರು ಹಿಂದಿಯವರ ಬಾಯಲ್ಲೂ ಬರೋದು ಕೇಳಿ ಕಾಲರ್ ಏರಿಸಿದವರೇ ನಾವೂ. ಇನ್ನೊಂದು ಖುಷಿ: ಚಾಪ್ಟರ್ 2 ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿಗೆ ಆಗ ಹೆಚ್ಚುಕಮ್ಮಿ ನಮ್ಮ ಈಗಿನ ವಯಸ್ಸು. ಫ್ಯಾನ್ ಎಡಿಟ್ ಮಾಡ್ತಾ ಇದ್ದ ಹುಡುಗ. ನಾವು ಈ ವಯಸ್ಸಲ್ಲಿ ಲ್ಯಾಬ್ ರೆಕಾರ್ಡ್ ಎಡಿಟ್ ಮಾಡ್ತಾ ಇದ್ದೀವಿ.

ಈ ರಜೆಯಲ್ಲಿ ಎರಡೂ ಚಾಪ್ಟರ್ ಮತ್ತೆ ಹಾಕಿದ್ವಿ. ಕಾರಣ, ನಮ್ಮ ಸಿವಿಲ್‌ನವನ ತಾಯಿಯ ತಂದೆ ಬಂದಿದ್ರು. ತಾತ ಗಣಿಯಲ್ಲಿ ಕೆಲಸ ಮಾಡಿದವರು. ಚಾಂಪಿಯನ್ ರೀಫ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ಅಲ್ಲೇ ಇದ್ರು. ಅವರು ಈ ಸಿನಿಮಾ ಪೂರ್ತಿ ನೋಡೇ ಇರಲಿಲ್ಲ.

ಶುರುವಿನಲ್ಲಿ ತಾತ ಎಂಜಾಯ್ ಮಾಡಿದ್ರು. ಸಿನಿಮಾದಲ್ಲಿ ರಾಕಿ ಹುಟ್ಟೋದು 1951ರಲ್ಲಿ, ತಾತ ಹುಟ್ಟಿದ್ದು 1952. "ನಂಗಿಂತ ಒಂದೊರ್ಸ ದೊಡ್ಡೋನು, ಅಣ್ಣಾ ಅನ್ಬೇಕು" ಅಂತ ನಕ್ಕರು. ಸಿನಿಮಾದ ಪ್ರಕಾರ ಅವತ್ತೇ ಅಲ್ಲಿ ಚಿನ್ನ ಸಿಕ್ಕಿದ್ದು. ನಿಜದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದದ್ದೇ 1880ರಲ್ಲಿ. ಸಿನಿಮಾ ತಾನೇ, ಇರಲಿ ಅಂದ್ವಿ. ಆಮೇಲೆ ನರಾಚಿ ಬಂತು. ಸುತ್ತ ಗೋಡೆ, ಗನ್ನು, ಜನರನ್ನ ಹಿಡಿದು ತಂದು ಗುಲಾಮರ ಥರ ದುಡಿಸೋದು, ಕಣ್ಣು ಕಾಣದ ಮುದುಕನನ್ನ ಕೊಲ್ಲೋಕೆ ಬರೋದು. ತಾತ ಸುಮ್ಮನಾದ್ರು. ಆ ಸೀನ್ ಮುಗಿದ ಮೇಲೆ ರಿಮೋಟ್ ಕೇಳಿ ಇಸ್ಕೊಂಡ್ರು. ನಿಲ್ಲಿಸಿದ್ರು.

"ನಾವು ಇಂಗಿರ್ಲಿಲ್ಲ ನಾಯ್ನಾ. ನಾವು ಗುಲಾಮರಲ್ಲ. ಸಂಬಳ ಇತ್ತು, ಯೂನಿಯನ್ ಇತ್ತು. ಸೈರನ್ ಕೂಗಿದ್ರೆ ಊರೆಲ್ಲಾ ಟೈಮ್ ನೋಡ್ಕಂತಿತ್ತು."

ಆಮೇಲೆ ಸುಮಾರು ಒಂದು ಗಂಟೆ ಟಿವಿ ಆನ್ ಮಾಡಲೇ ಇಲ್ಲ. ತಾತ ಹೇಳ್ತಾ ಹೋದ್ರು. ಕೇಜಲ್ಲಿ ಇಳೀವಾಗ ಕಿವಿ ಗುಂಯ್ ಅನ್ನೋದು. ಕೆಳಗೆ ಬಂಡೆ ಮುಟ್ಟಿದ್ರೆ ಕೈ ಸುಡೋದು. ಬಂಡೆ ತನ್ನಷ್ಟಕ್ಕೆ ತಾನೇ ಸಿಡಿಯೋದು, ಅದಕ್ಕೆ ಅವರು ಹೇಳೋದು 'ಏರ್ ಬ್ಲಾಸ್ಟ್'. ಅದಾದಾಗ ಮೇಲೆ ಮನೆಯಲ್ಲಿ ಪಾತ್ರೆಗಳು ಅಲ್ಲಾಡೋದು, ಹೆಂಗಸರೆಲ್ಲಾ ಶಾಫ್ಟ್ ಹತ್ತಿರ ಓಡೋದು, ಯಾರ ಮನೆಯವರು ಅಂತ ಗೊತ್ತಾಗೋವರೆಗೂ ಯಾರೂ ಅಳದೇ ನಿಲ್ಲೋದು. ಜೊತೆಗಿದ್ದವರು ಹೆಚ್ಚಾಗಿ ತಮಿಳಿನವರು, ತಾತನಿಗೆ ತಮಿಳು ಬಂದಿದ್ದು ಅಲ್ಲೇ.

ನಾವು ಇಂಜಿನಿಯರಿಂಗ್ ಓದ್ತಾ ಇರೋರು, ನಮ್ಮ ಜಿಲ್ಲೆಯ ಈ ಇಂಜಿನಿಯರಿಂಗ್ ಬಗ್ಗೆ ನಮಗೆ ಯಾವ ಕ್ಲಾಸಲ್ಲೂ ಯಾರೂ ಹೇಳಿಲ್ಲ. ಮೂರು ಕಿಲೋಮೀಟರಿಗೂ ಆಳದ ಗಣಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆದದ್ದು ಈ ಗಣಿಗೆ, ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. 1965ರಲ್ಲಿ ಇದೇ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳನ್ನ ಗುರುತಿಸಿದ್ರು. ನ್ಯೂಟ್ರಿನೋ! ಇದನ್ನ ಕೇಳಿ ನಮ್ಮ ಇ ಆ್ಯಂಡ್ ಸಿ ಹುಡುಗಿ, "ಇದಕ್ಕೆ ಯಾಕೆ ಯಾರೂ ಬಿಜಿಎಂ ಹಾಕಿಲ್ಲ?" ಅಂದ್ಲು.

ಮಾರನೇ ದಿನ ತಾತನೇ ಕೇಳಿದ್ರು, ತಮಿಳಲ್ಲಿ ಒಂದು ಬಂದಿದೆಯಂತಲ್ಲ, ಅದನ್ನ ಹಾಕ್ರಿ ಅಂತ. ತಂಗಲಾನ್. 2024ರ ಆಗಸ್ಟ್ 15ಕ್ಕೆ ಬಂದದ್ದು, ಪಾ. ರಂಜಿತ್ ಡೈರೆಕ್ಷನ್, ವಿಕ್ರಮ್ ಹೀರೋ. ಇಂಗ್ಲಿಷರ ಕಾಲದಲ್ಲಿ ಉತ್ತರ ಆರ್ಕಾಟಿನ ಕಡೆಯಿಂದ ಚಿನ್ನ ಹುಡುಕೋಕೆ ಬಂದ ದಲಿತರ ಕತೆ. ಅದರಲ್ಲೂ ಮಾಯ ಮಂತ್ರ ಎಲ್ಲಾ ಇದೆ, ಎರಡನೇ ಭಾಗ ನಮಗೆ ಅರ್ಧ ಅರ್ಥ ಆಗಲಿಲ್ಲ. ಹಾಗೆ ನೋಡಿದ್ರೆ ಅದೂ ಕಟ್ಟುಕತೆಯೇ. ಆದ್ರೆ ತಾತ ಕೊನೇವರೆಗೂ ನೋಡಿದ್ರು. ಅದರಲ್ಲಿ ಮಣ್ಣು ಅಗೆಯೋರಿಗೆ ಹೆಸರಿದೆ, ಹೆಂಡತಿ ಮಕ್ಕಳು ಇದ್ದಾರೆ, ಯಾಕೆ ಊರು ಬಿಟ್ಟು ಬಂದ್ರು ಅನ್ನೋದಕ್ಕೆ ಕಾರಣ ಇದೆ. ಕೆಜಿಎಫ್‌ನಲ್ಲಿ ಹೆಸರಿರೋದು ಕಾಪಾಡೋಕೆ ಬಂದವನಿಗೆ. ಉಳಿದವರು ಹಿಂದೆ ನಿಂತು ಸಲಾಂ ಅಂತಾರೆ.

ಇದು ಕೆಜಿಎಫ್ ಬೈಯೋ ಪ್ಯಾರಾ ಅಲ್ಲ. ನಾಳೆ ಚಾಪ್ಟರ್ 3 ಬಂದ್ರೆ ಫಸ್ಟ್ ಡೇ ಫಸ್ಟ್ ಶೋಗೆ ನಮ್ಮ ನಾಲ್ಕು ಟಿಕೆಟ್ ಇದ್ದೇ ಇರುತ್ತೆ. ಆದ್ರೆ ಒಂದು ಪ್ರಶ್ನೆ ಉಳಿದುಬಿಡ್ತು. ದೇಶಕ್ಕೆಲ್ಲಾ ಈಗ ಕೆಜಿಎಫ್ ಅಂದ್ರೆ ನರಾಚಿ. ಸರ್ಚ್ ಮಾಡಿದ್ರೆ ಮೊದಲು ಬರೋದು ಸಿನಿಮಾ. ತಾತನ ಪ್ರಾಯದವರು ಇರೋವರೆಗೆ "ಇಂಗಿರ್ಲಿಲ್ಲ" ಅಂತ ರಿಮೋಟ್ ಒತ್ತಿ ನಿಲ್ಲಿಸೋರು ಇರ್ತಾರೆ. ಆಮೇಲೆ?

ರೇಟಿಂಗ್: ಚಾಪ್ಟರ್ 1ಕ್ಕೆ ನಮ್ಮ ಕಡೆಯಿಂದ ನಾಲ್ಕು ದೋಸೆ. ತಾತ ದೋಸೆ ಕೊಡಲಿಲ್ಲ. ತಂಗಲಾನ್‌ಗೆ ನಮ್ಮದು ಮೂರು, ತಾತಂದು ನಾಲ್ಕು.

ದ್ವೀಪ

ಕೊನೇದು ಅವ್ವನ ಆಯ್ಕೆ. "ನಮ್ ಸೌಂದರ್ಯಾದು ಒಂದು ಹಾಕ್ರೀ" ಅಂದ್ಲು. ಸೌಂದರ್ಯ ನಮ್ಮ ಮುಳಬಾಗಿಲು ಕಡೆಯವರು. ತೆಲುಗಲ್ಲಿ ದೊಡ್ಡ ಹೀರೋಯಿನ್, ಹಿಂದಿಯಲ್ಲಿ ಅಮಿತಾಬ್ ಬಚ್ಚನ್ ಜೊತೆ ಸೂರ್ಯವಂಶಂ ಮಾಡಿದವರು. 2004ರ ಏಪ್ರಿಲ್ 17ಕ್ಕೆ ಬೆಂಗಳೂರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ್ರು. ನಾವಾಗ ಹುಟ್ಟೇ ಇರಲಿಲ್ಲ. ಆಪ್ತಮಿತ್ರ ಬಂದದ್ದು ಅವರು ಹೋದ ಮೇಲೆ.

ಅವ್ವ ಕೇಳಿದ್ದು ಹಾಡಿರೋ ತೆಲುಗು ಸಿನಿಮಾ. ನಾವು ಹುಡುಕಿ ಹಾಕಿದ್ದು ದ್ವೀಪ. 2002ರದು, ಗಿರೀಶ್ ಕಾಸರವಳ್ಳಿ ಡೈರೆಕ್ಷನ್, ನಾ. ಡಿಸೋಜ ಅವರ ಕಾದಂಬರಿ. ನಿರ್ಮಾಣ ಮಾಡಿದ್ದು ಸೌಂದರ್ಯ ಅವರೇ, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅಷ್ಟು ದೊಡ್ಡ ಸ್ಟಾರ್ ಆಗಿದ್ದಾಗ ತನ್ನ ದುಡ್ಡು ಹಾಕಿ, ಕನ್ನಡದಲ್ಲಿ, ಹಾಡು ಕುಣಿತ ಇಲ್ಲದ ಸಿನಿಮಾ ಮಾಡಿದ್ರು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಡ್ಯಾಮ್ ಕಟ್ತಾರೆ, ನೀರು ಏರುತ್ತೆ, ಗುಡ್ಡದ ಮೇಲೆ ಒಂದೇ ಮನೆ ಉಳಿಯುತ್ತೆ. ನಾಗಿ, ಅವಳ ಗಂಡ ಗಣಪ, ಮಾವ ದುಗ್ಗಜ್ಜ. ಮೊದಲ ಹತ್ತು ನಿಮಿಷ ನಿಧಾನ ಅಂತ ನಾವು ಫೋನ್ ನೋಡ್ತಿದ್ವಿ. ಆಮೇಲೆ ಫೋನ್ ಎಲ್ಲಿಟ್ಟಿದ್ದೀವಿ ಅನ್ನೋದೂ ನೆನಪಿರಲಿಲ್ಲ. ಸುತ್ತ ನೀರು, ಮೇಲೆ ಮಳೆ, ಹೋಗೋಕೆ ಜಾಗ ಇಲ್ಲ. ನಮ್ಮ ಸಿವಿಲ್‌ನವನು ಡ್ಯಾಮ್ ಬಗ್ಗೆ ಓದಿದ್ದು ಸ್ಪಿಲ್‌ವೇ, ಕೆಪಾಸಿಟಿ, ಸಬ್‌ಮರ್ಜ್ಡ್ ಏರಿಯಾ ಇಂತಿಷ್ಟು ಹೆಕ್ಟೇರ್ ಅಂತ. ಆ ಹೆಕ್ಟೇರ್ ಒಳಗೆ ನಾಗಿಯ ಅಡುಗೆಮನೆ ಇದೆ ಅನ್ನೋದು ಪುಸ್ತಕದಲ್ಲಿ ಇರಲ್ಲ.

ನಮಗೆ ನೀರು ಹೀಗೆ ಹೆದರಿಸುತ್ತೆ ಅನ್ನೋದೇ ಹೊಸದು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ. ಬೋರ್ 1000 ಅಡಿ ಮೀರಿ ಕೊರೆಸಿದ್ರೂ ಧೂಳು ಬರೋದನ್ನ ನೋಡಿ ಬೆಳೆದವರು ನಾವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಡ್ತಾ ಇದ್ದಾರೆ. ಕೆರೆ ತುಂಬಿದ್ದಕ್ಕೆ ಖುಷಿ ಪಡೋರೂ ಇದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇದೂ ಬೇಕು ಅಂತ ಜಗಳ ಆಡೋರೂ ಇದ್ದಾರೆ. ಒಂದು ಕಡೆ ಊರಿಗೆ ಬೆಳಕು ಬೇಕು ಅಂತ ನಾಗಿಯ ಮನೆ ಮುಳುಗುತ್ತೆ, ಇನ್ನೊಂದು ಕಡೆ ಆ ಊರು ಬಳಸಿ ಬಿಟ್ಟ ನೀರು ನಮ್ಮ ಕೆರೆಗೆ ಬರುತ್ತೆ. ಎರಡೂ ಕಡೆ ಲೆಕ್ಕ ಹಾಕೋರು ಇಂಜಿನಿಯರುಗಳು. ಅಂದ್ರೆ ಇನ್ನು ಎರಡು ವರ್ಷಕ್ಕೆ ನಾವು.

ಕೊನೆಗೆ ಮಳೆ ನಿಲ್ಲುತ್ತೆ. ಅಷ್ಟೂ ದಿನ ಮನೆ ಕಾಪಾಡಿದ್ದು ನಾಗಿ. ಗಂಡ ದೇವರ ದಯೆ ಅಂತಾನೆ. ಅವ್ವ ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. ಅವಾಗ ತೆಲುಗಲ್ಲಿ ಅವನಿಗೆ ಬೈದಳು, ಅದನ್ನ ಕಾಲೇಜ್ ಮ್ಯಾಗಜೀನಲ್ಲಿ ಬರೆಯೋಕಾಗಲ್ಲ. ಆಮೇಲೆ ಲೋಟ ಎತ್ತಿಕೊಂಡು ಒಳಗೆ ಹೋಗ್ತಾ, "ಇಷ್ಟ್ ಚೆನ್ನಾಗ್ ಮಾಡವ್ಳೆ, ಯಾಕ್ರೋ ಇಷ್ಟ್ ದಿನ ತೋರಿಸ್ಲಿಲ್ಲ" ಅಂದ್ಲು. ಐದು ದೋಸೆ, ಜೊತೆಗೆ ಎಕ್ಸ್‌ಟ್ರಾ ಚಟ್ನಿ.

ಕೊನೇ ಮಾತು

ಪುಷ್ಪ ಸಿನಿಮಾದಲ್ಲಿ ಅಲ್ಲು ಅರ್ಜುನ್ ಮಾತಾಡೋ ಚಿತ್ತೂರು ತೆಲುಗು ಹೆಚ್ಚುಕಮ್ಮಿ ನಮ್ಮ ಮನೆ ತೆಲುಗು, ಗಡಿ ದಾಟಿದ್ರೆ ಚಿತ್ತೂರು ಜಿಲ್ಲೆಯೇ. ಮೊದಲ ಸಲ ಅದನ್ನ ಕೇಳಿದಾಗ ಹೀರೋ ನಮ್ಮ ಮಾಮನ ಥರ ಮಾತಾಡ್ತಾನೆ ಅಂತ ಕುಣಿದಿದ್ವಿ. ಸು ಫ್ರಮ್ ಸೋ ನೋಡಿದ ಮಂಗಳೂರಿನ ಫ್ರೆಂಡ್ಸ್‌ಗೆ ಆಗಿದ್ದೂ ಅದೇ ಖುಷಿ. ಆದ್ರೆ ನಾವು ನೋಡಿದ ಕನ್ನಡ ಸಿನಿಮಾಗಳಲ್ಲಿ, ನಮ್ಮ ಜಿಲ್ಲೆ ಹೆಸರೇ ಇರೋ ಸಿನಿಮಾದಲ್ಲೂ, "ಇಂಗಿರ್ಲಿಲ್ಲ ನಾಯ್ನಾ" ಅನ್ನೋ ಕನ್ನಡ ನಮ್ಮ ಕಿವಿಗೆ ಬೀಳಲಿಲ್ಲ. ಈ ಮಾತನ್ನ ಹಾಸ್ಟೆಲಲ್ಲಿ ಆಡಿದ್ರೆ ನಮ್ಮನ್ನ "ಆಂಧ್ರದವರಾ?" ಅಂತ ಕೇಳ್ತಾರೆ. ಆಂಧ್ರದಲ್ಲಿ ಕೇಳಿದ್ರೆ "ಕನ್ನಡದವರಾ?" ಅಂತಾರೆ. ನಾವು ಎರಡಕ್ಕೂ ಹೂಂ ಅಂತೀವಿ.

ಯಾರಾದ್ರೂ ಮಾಡ್ತಾರೆ ಅಂತ ಕಾಯೋಕೆ ಟೈಮ್ ಕಮ್ಮಿ, ಯಾಕಂದ್ರೆ ತಾತನಿಗೆ ಈಗ 70 ದಾಟಿದೆ, ಕೆಮ್ಮು ಜಾಸ್ತಿ. ಸಿವಿಲ್‌ನವನ ಫೋನಲ್ಲಿ ಈಗಾಗಲೇ ಎರಡು ಗಂಟೆ ಹತ್ತು ನಿಮಿಷದ ರೆಕಾರ್ಡಿಂಗ್ ಇದೆ. ಆಡಿಯೋದಲ್ಲಿ ಕೋಳಿ ಕೂಗುತ್ತೆ, ಮಧ್ಯೆ ಮಧ್ಯೆ ಅವ್ವ ಕಾಫಿ ಬೇಕಾ ಅಂತ ಕೇಳ್ತಾಳೆ, ಲೈಟಿಂಗ್ ಸರಿಯಿಲ್ಲ. ಮುಂದಿನ ರಜೆಯಲ್ಲಿ ತಾತನನ್ನ ಕರ್ಕೊಂಡು ಚಾಂಪಿಯನ್ ರೀಫ್‌ಗೆ ಹೋಗಿ, ಸೈನೈಡ್ ದಿಬ್ಬದ ಕೆಳಗೆ ನಿಲ್ಲಿಸಿ ಇನ್ನಷ್ಟು ಶೂಟ್ ಮಾಡೋ ಪ್ಲಾನ್ ಇದೆ. ಕ್ಲಬ್‌ನಲ್ಲಿ ಯಾರ ಹತ್ತಿರ ಆದ್ರೂ ಒಳ್ಳೇ ಮೈಕ್ ಇದ್ರೆ ಹೇಳಿ. ಎಡಿಟಿಂಗ್ ಬರೋರು ಇದ್ರಂತೂ ಕೂಡಲೇ ಹೇಳಿ. ಸಂಬಳ ಇಲ್ಲ, ದೋಸೆ ಇದೆ.